ಕೆಂಪು ಬೇಕಿತ್ತು

“ಮೇಡಂ, ಏಳಿ ಮೇಲೆ! ಇಲ್ಯಾಕೆ ಕುಂತಿದ್ದೀರಿ? ಕಲ್ಲು ಹಾರ್ಬಂದು ಬಿದ್ರೆ ತಲೆ ಉಳಿಯಾಕಿಲ್ಲ!”

ತಲೆಗೆ ಹೆಲ್ಮೆಟ್ ಹಾಕಿಕೊಂಡು, ಬಂಡೆಯ ಬದಿಯಲ್ಲಿ ಬಗ್ಗಿಕೊಂಡು ಓಡಿಬಂದ ಯುವಕನನ್ನು ಕಂಡು ಸುಮನಾಳಿಗೆ ನಗು ಬಂತು. ಕೂಟಗಲ್ ಕಡೆಯ ಆ ಮಣ್ಣುದಾರಿಯ ಪಕ್ಕ ಬೆಳಿಗ್ಗೆಯೇ ಕಾರು ನಿಲ್ಲಿಸಿ, ಹೊಂಗೆ ಮರದ ನೆರಳಲ್ಲಿ ಚಿತ್ರ ಬರೆಯುತ್ತ ಕೂತವಳು ಅವಳು. ಇಂಥ ನೆಮ್ಮದಿ ಸಿಕ್ಕಿ ಯಾವ ಕಾಲವಾಗಿತ್ತೋ. ದಾರಿಯಲ್ಲಿ ಒಂದು ಬೈಕಿನ ಸದ್ದಿಲ್ಲ, ‘ಏನ್ ಬರೀತಾ ಇದ್ದೀರಿ’ ಎಂದು ಹೆಗಲ ಮೇಲೆ ಬಗ್ಗಿ ತಲೆ ತಿನ್ನುವವರಿಲ್ಲ. ಬಂಡೆಗೆ ನೇರಳೆ, ಹೊಲಕ್ಕೆ ಎಳೆ ಹಸಿರು, ಆಕಾಶಕ್ಕೆ ಒಂದಿಷ್ಟು ಅರಿಸಿನ. ಬಣ್ಣವನ್ನು ದಪ್ಪಗೆ ಮೆತ್ತಿ, ಬ್ರಷ್ ಎಳೆದ ಗುರುತು ಹಾಗೇ ಉಳಿಯುವಂತೆ ಬೀಸಿ ಬೀಸಿ ಬರೆದಿದ್ದಳು. ಕ್ಯಾನ್ವಾಸಿನ ಮೇಲಿನ ಬೆಟ್ಟ ಉಸಿರಾಡುವಂತಿತ್ತು. ಸುಮನಾ ಹಿಗ್ಗಿ ಹೀರೇಕಾಯಿ ಆಗಿದ್ದಳು.

“ಯಾವ ಕಲ್ಲಪ್ಪ? ಯಾರು ಹಾರಿಸ್ತಾರೆ?”

“ಕಲ್ಲು ಕ್ವಾರಿಯೋರು ಮೇಡಂ. ಬ್ಲಾಸ್ಟ್ ಮಾಡೋ ದಿನ ದಾರೀಗೆ ಕೆಂಪು ಬಾವುಟ ನೆಡ್ತಾರೆ. ಅದು ಕಂಡ್ರೆ ಈ ಕಡೆ ನರಪಿಳ್ಳೆನೂ ಹಾಯಾಕಿಲ್ಲ. ಅಗೋ, ತಿರುವಲ್ಲಿ ನೆಟ್ಟವ್ರೆ ನೋಡಿ. ಹಿಂದಕ್ಕೆ ಹೋದ್ರೆ ಭಾರಿ ಸುತ್ತು. ಇನ್ನೇನು ಢಮ್ ಅಂತದೆ, ಆಮೇಲೆ ಹೋಗಾನ ಅಂತ ಕಾದೆ, ಕಾದೆ, ಅನ್ನಲೇ ಇಲ್ಲ. ಬಾವುಟ ನೆಟ್ಟೋನು ಸಿಕ್ಕಿದ್ರೆ ಒಸಿ ದಾರಿ ಬುಡಪ್ಪ ಅಂತ ಕೇಳಾನ ಅಂತ ಜೀವ ಕೈಲಿಡ್ಕಂಡು ಬಂದೆ.”

ಸುಮನಾ ತಿರುವಿನ ಕಡೆ ನೋಡಿದಳು. ಬಂಡೆಯ ತುದಿಯಲ್ಲಿ, ಕೋಲಿಗೆ ಕಟ್ಟಿದ ಕೆಂಪು ಬಟ್ಟೆ ಗಾಳಿಗೆ ಪಟಪಟ ಬಡಿಯುತ್ತಿತ್ತು.

“ಅಯ್ಯೋ, ಅದಾ! ಅದು ಬಾವುಟ ಅಲ್ಲಪ್ಪ, ನನ್ನ ದುಪಟ್ಟಾ! ಎಲ್ಲಿ ನೋಡಿದ್ರೂ ಹಸಿರು, ಬೂದು, ಚಿತ್ರ ಸಪ್ಪೆ ಅನ್ನಿಸ್ತಿತ್ತು. ಒಂದು ಚೂರು ಕೆಂಪು ಬೇಕಿತ್ತು. ನಾನು ಕಣ್ಣಿಗೆ ಕಾಣದ್ದನ್ನ ಬರೆಯೋಳಲ್ಲ, ಅದಕ್ಕೆ ನಾನೇ ಹೋಗಿ ಕಟ್ಟಿ ಬಂದೆ. ನೋಡಿಲ್ಲಿ, ಹೇಗೆ ಹಾರಾಡ್ತಿದೆ!”

ಬ್ರಷ್ಷಿನ ಹಿಂತುದಿಯಿಂದ ಅವಳು ತೋರಿಸಿದ್ದನ್ನು ಅವನು ನೋಡಲಿಲ್ಲ. ಹೆಲ್ಮೆಟ್ ತೆಗೆದ. ಮುಖ ಬಿಳಿಚಿಕೊಂಡಿತ್ತು.

“ಇವತ್ತು ಬ್ಲಾಸ್ಟ್ ಇಲ್ವಾ?”

“ನನಗೆ ಗೊತ್ತಿಲ್ಲಪ್ಪ. ಆ ಬಟ್ಟೆಯಂತೂ ನಂದು. ಯಾಕೆ, ಏನಾಯ್ತು?”

“ನಮ್ಮವ್ವಂಗೆ ಹಾವು ಕಚ್ಚೈತೆ,” ಎಂದವನೇ ತಿರುಗಿ ಓಡಿದ.

ಬೆಳಗಿನಿಂದ ತಾನು ಸವಿದ ನೆಮ್ಮದಿ ಎಲ್ಲಿಂದ ಬಂದದ್ದೆಂದು ಸುಮನಾಳಿಗೆ ಆಗ ಹೊಳೆಯಿತು. ಆ ತಿರುವಿನಾಚೆ ಜನ ಬಂದು, ನಿಂತು, ಕಾದು, ಹಿಂದಿರುಗಿ ಹೋಗಿದ್ದರು. ಇವನೊಬ್ಬ ಹೋಗಿರಲಿಲ್ಲ. ಬ್ರಷ್ಷು, ಬಣ್ಣ ಎಲ್ಲವನ್ನೂ ಇದ್ದಲ್ಲೇ ಬಿಟ್ಟು ಕಾರಿಗೆ ಓಡಿದಳು.

ತಿರುವಿನಾಚೆ ನಿಲ್ಲಿಸಿದ್ದ ಬೈಕಿನ ಪಕ್ಕ, ಅವನ ಅವ್ವ ಮುನಿರತ್ನಮ್ಮ ಬಂಡೆಗೆ ಒರಗಿ ಕೂತಿದ್ದರು. ಹಿಪ್ಪುನೇರಳೆ ಸೊಪ್ಪು ಕೊಯ್ಯುವಾಗ ಕಚ್ಚಿತಂತೆ. ಮಗ ಮಹೇಂದ್ರ ಅವರನ್ನು ಎತ್ತಿ ಹಿಂದಿನ ಸೀಟಿನಲ್ಲಿ ಮಲಗಿಸಿ, ತಲೆಯನ್ನು ತೊಡೆಯ ಮೇಲಿಟ್ಟುಕೊಂಡ. ಕಾರು ರಾಮನಗರದ ಕಡೆ ಹಾರಿತು. ಮುನಿರತ್ನಮ್ಮನ ರೆಪ್ಪೆಗಳು ಏಳುತ್ತಿರಲಿಲ್ಲ, ಮಾತು ಎಳೆಯುತ್ತಿತ್ತು.

“ಬಂಡೆ ಸಿಡೀತಾ, ಮಗಾ?”

“ಹೂಂ ಕಣವ್ವ. ಸಿಡೀತು. ದಾರಿ ಬುಟ್ರು.”

ಕ್ಷಮಿಸಪ್ಪ ಎನ್ನಬೇಕೆಂದು ಸುಮನಾ ದಾರಿಯುದ್ದಕ್ಕೂ ಬಾಯಿ ತೆರೆದಳು. ಆ ಮಾತು ತನಗೇ ಅಸಹ್ಯವೆನಿಸಿ ನುಂಗಿಕೊಂಡಳು. ಕನ್ನಡಿಯಲ್ಲಿ ಹಿಂದೆ ನೋಡುವ ಧೈರ್ಯವೂ ಬರಲಿಲ್ಲ.

ಆಸ್ಪತ್ರೆಯಲ್ಲಿ ಡಾಕ್ಟರು ಮುನಿರತ್ನಮ್ಮನ ರೆಪ್ಪೆ ಎತ್ತಿ ಟಾರ್ಚ್ ಬಿಟ್ಟು ನೋಡಿದರು. ಎದೆ ಏರಿಳಿಯುವುದನ್ನು ನೋಡಿ, ಉಸಿರಿಗೆ ಟ್ಯೂಬ್ ಹಾಕಲು ತಯಾರಿ ಮಾಡಿ ಎಂದು ನರ್ಸಿಗೆ ಕೂಗಿದರು.

“ಕಚ್ಚಿದ್ದು ಯಾವಾಗ?”

“ಬೆಳಿಗ್ಗೆ, ತಿಂಡಿ ಹೊತ್ನಲ್ಲಿ ಸಾರ್. ಕೂಟಗಲ್ ತಾವ.”

ಡಾಕ್ಟರು ಗೋಡೆಯ ಗಡಿಯಾರ ನೋಡಿ ಸಿಡಿಮಿಡಿಗೊಂಡರು. “ಆಗಲೇ ಬಂದಿದ್ರೆ ಇಷ್ಟಕ್ಕೆ ಬರ್ತಿರಲಿಲ್ಲ! ಕೂಟಗಲ್ ಏನು ಕಾಶಿಯಲ್ಲಿದೆಯಾ? ನಾಟಿ ಔಷಧಿ ಅಂತ ಅಲೆದ್ರಾ? ಇಷ್ಟು ಹೊತ್ತು ಏನ್ರೀ ಮಾಡ್ತಿದ್ರಿ?”

ಸುಮನಾ ಹೇಳಲು ಮುಂದೆ ಬಂದಳು. ಅಷ್ಟರಲ್ಲಿ ಅವ್ವನ ಕೈ ಹಿಡಿದಿದ್ದ ಮಹೇಂದ್ರ ತಲೆಯೆತ್ತಿ ಅವಳನ್ನೊಮ್ಮೆ ನೋಡಿದ. ಅವನ ದನಿಯಲ್ಲಿ ಸಿಟ್ಟಿರಲಿಲ್ಲ. ಕೇಳಿದ್ದಕ್ಕೆ ಉತ್ತರ ಹೇಳಿದ, ಅಷ್ಟೆ.

“ಇವ್ರು ಚಿತ್ರ ಬರೀತಿದ್ರು ಸಾರ್. ನಾವು ಕಾಯ್ತಿದ್ದೊ.”