ಬೆಟ್ಟದ ಹಿಂದಿನ ಮಾತು

"ಬೆಟ್ಟ ಬಂತು. ನೀನು ಮಾತಾಡ್ತಾ ಇರು," ಎಂದು ಫೋನಿನಲ್ಲಿ ಹೆಂಡತಿಗೆ ಹೇಳಿ ಅವನು ತನ್ನ ಕಡೆಯ ಮೈಕನ್ನು ಬಂದ್ ಮಾಡಿದ. ರೈಲಿನ ಸದ್ದು ಕರೆಯೊಳಗೆ ನುಗ್ಗಿ ಅಳತೆ ಕೆಡಿಸಬಾರದೆಂದು ಹಾಗೆ ಮಾಡುವುದು ಅವರ ಕಸುಬಿನ ಕ್ರಮ. ಎದುರು ಸೀಟಿನಲ್ಲಿ ಲ್ಯಾಪ್‌ಟಾಪ್ ಹರಡಿಕೊಂಡಿದ್ದ ಜೊತೆಗಾರ, ಪರದೆಯ ಮೇಲೆ ಓಡುತ್ತಿದ್ದ ಹಸಿರು ಗೆರೆಗೆ ಕಣ್ಣು ನೆಟ್ಟ. ಅಳತೆ ಹೇಳದೆ ಬಾಯಿ ಮುಚ್ಚದ ಈ ಆಸಾಮಿಗೆ ಕಚೇರಿಯಲ್ಲಿ ಮೀಟರ್ ಎಂದೇ ಹೆಸರು.

ಓಡುವ ರೈಲಿನಲ್ಲಿ ಫೋನಿನ ಮಾತು ಕಡಿಯದಂತೆ ನೋಡಿಕೊಳ್ಳುವುದು ಇಬ್ಬರ ಕೆಲಸ. ಮುಂದಿನ ಟವರನ್ನು ಹಿಡಿದ ಮೇಲೇ ಹಿಂದಿನದನ್ನು ಬಿಡಬೇಕು, ವಿದ್ಯೆಯೆಲ್ಲ ಅಷ್ಟೇ. ಆದರೆ ಈ ತಿರುವಿನಲ್ಲಿ ಫೋನು ಬೆಟ್ಟದಾಚೆ ಉಳಿದ ಟವರಿಗೇ ಜೋತುಬಿದ್ದು ಎರಡನ್ನೂ ಕಳೆದುಕೊಳ್ಳುತ್ತಿತ್ತು. ಕರೆ ಪೂರ್ತಿ ಕಡಿಯುತ್ತಿರಲಿಲ್ಲ. ಮೂರ್ಛೆ ಹೋಗಿ, ಬೆಟ್ಟ ದಾಟಿದ ಮೇಲೆ ಕಣ್ಣು ಬಿಡುತ್ತಿತ್ತು. ದನಿ ಎಲ್ಲಿ ಹೋಯಿತು, ಎಲ್ಲಿ ಬಂತು ಎಂದು ತಿಳಿಯಬೇಕಾದರೆ ಆ ತುದಿಯಲ್ಲಿ ಯಾರಾದರೂ ಒಂದೇ ಸಮನೆ ಮಾತಾಡುತ್ತಿರಬೇಕು. ಕೆಲವು ವಾರಗಳಿಂದ ಆ ಕೆಲಸ ಅವನ ಹೆಂಡತಿಯದು. ಮನೆಯಲ್ಲಿ ಹೊಲಿಗೆ ಯಂತ್ರದ ಮುಂದೆ ಕೂತು, ಕಿಟಕಿಯಲ್ಲಿ ಕಂಡದ್ದನ್ನೆಲ್ಲ ಹೇಳುತ್ತ ಹೋಗುವಳು. "ಕೇಳಿಸಿಕೊಳ್ಳದ ಗಂಡನ ಹತ್ರ ಮಾತಾಡೋದು ನನಗೇನು ಹೊಸದಾ?" ಎಂದು ನಗುತ್ತಲೇ ಒಪ್ಪಿದ್ದಳು.

ನಿನ್ನೆ ಆ ತಿರುವನ್ನು ಸರಿಪಡಿಸಿದ್ದರು. ಬೆಟ್ಟ ಅಡ್ಡ ಬರುವ ಮೊದಲೇ ಫೋನು ಮುಂದಿನ ಟವರಿಗೆ ಕೈ ಚಾಚುವಂತೆ ಮಾಡಿದ್ದರು. ಅವಳಿಗೆ ಅವನು ಅದನ್ನು ಹೇಳಿರಲಿಲ್ಲ. "ಬೆಟ್ಟದ ಹಿಂದೆ ಏನೇನಂದಳೋ ಅಷ್ಟನ್ನೂ ಅಕ್ಷರ ತಪ್ಪದೆ ಒಪ್ಪಿಸ್ತೀನಿ. ಆಗ ಅವಳ ಮುಖ ನೋಡಬೇಕು!" ಎಂದು ರೈಲು ಹತ್ತುವಾಗಲೇ ಹಿಗ್ಗಿದ್ದ.

"ಫೋನಿನಲ್ಲಿ ಮುಖ ಹೇಗೆ ನೋಡ್ತೀಯಪ್ಪಾ?" ಎಂದಿದ್ದ ಮೀಟರ್.

ರೈಲು ತಿರುವಿಗೆ ವಾಲಿತು. ಬೆಟ್ಟದ ನೆರಳು ಬೋಗಿಯೊಳಗೆ ನೀರಿನಂತೆ ತುಂಬಿಕೊಂಡಿತು. ಸೀಟುಗಳು, ಮೊಣಕಾಲುಗಳು, ತೂಕಡಿಸುವ ಮುಖಗಳು ಒಂದೊಂದಾಗಿ ಅದರಲ್ಲಿ ಮುಳುಗಿದವು. ಅವನ ಇಯರ್‌ಫೋನಿನಲ್ಲಿ ಅವಳ ದನಿ ಮಾತ್ರ ತೇಲುತ್ತಲೇ ಇತ್ತು. "...ಎದುರು ಮನೆ ಬೆಕ್ಕು ಗೋಡೆ ಮೇಲೆ ಮಲಗಿದೆ, ಬಾಲ ಒಂದೇ ಎಚ್ಚರವಾಗಿದೆ..." ಮೀಟರ್ ಹೆಬ್ಬೆರಳೆತ್ತಿದ. ಗೆರೆ ಹಸಿರಾಗಿಯೇ ಓಡುತ್ತಿತ್ತು.

ಆಗ ಹೊಲಿಗೆ ಯಂತ್ರದ ಸದ್ದು ನಿಂತಿತು.

"ಹೂಂ, ಹೋದ್ರು ನಿಮ್ಮಪ್ಪ ಬೆಟ್ಟದ ಹಿಂದಕ್ಕೆ," ಎಂದಳು. ದನಿ ಮಡಿಲಿಗೆ ಇಳಿದಿತ್ತು. "ಈಗ ನಾವಿಬ್ಬರೇ ಪುಟ್ಟಾ. ಬೆಳಿಗ್ಗೆ ಯಾಕೆ ಹಾಗೆ ಸತಾಯಿಸಿದೆ? ಕುಡಿದ ನೀರೂ ಹೊಟ್ಟೇಲಿ ನಿಲ್ಲಲಿಲ್ಲ. ಅವರಿಗೆ ಕೇಳಿಸಬಾರದು ಅಂತ ನಲ್ಲಿ ಬಿಟ್ಕೊಂಡು ನಿಂತಿದ್ದೆ. ಅಪ್ಪನಿಗೆ ಯಾಕೆ ಹೇಳಿಲ್ಲ ಅಂತ ಬೇಜಾರು ಮಾಡ್ಕೋಬೇಡ. ಹೋದ ಸಲ ಹೇಳಿದ ದಿನವೇ ತೊಟ್ಟಿಲು ತಂದುಬಿಟ್ರು. ಆಮೇಲೆ ಅದನ್ನ ವಾಪಸ್ ಹೊತ್ಕೊಂಡು ಹೋಗುವಾಗ ಅವರ ಬೆನ್ನು ನೋಡಿದೀನಿ ನಾನು. ಇನ್ನೊಂದು ಸಲ ಆಗಲ್ಲಪ್ಪ ನನ್ನ ಕೈಲಿ. ಮೊದಲು ನೀನು ಗಟ್ಟಿಯಾಗಿ ಹಿಡ್ಕೋ. ಆಮೇಲೆ ಹೇಳೋಣ, ಆಯ್ತಾ?"

ಬೆಟ್ಟ ಸರಿಯಿತು. ಮುಳುಗಿದ್ದ ಮುಖಗಳೆಲ್ಲ ಬಿಸಿಲಿಗೆ ಎದ್ದು ಬಂದವು. ಆ ತುದಿಯಲ್ಲಿ ಯಂತ್ರ ಮತ್ತೆ ಕಟಕಟ ಎನ್ನತೊಡಗಿತು. ಅವನ ಬೆರಳು ಮೈಕಿನ ಗುಂಡಿಯ ಮೇಲೆ ಹಾಗೇ ನಿಂತಿತ್ತು.

"ಒಪ್ಪಿಸು ಮಾರಾಯಾ," ಮೀಟರ್ ಪಿಸುಗುಟ್ಟಿದ.

"ರೀ, ದಾಟಿದ್ರಾ?" ಎಂದಳು ಅವಳು.

ಮೈಕ್ ತೆರೆದ. "ಹೂಂ... ದಾಟಿದ್ವಿ."

"ಎಲ್ಲಿವರೆಗೆ ಕೇಳಿಸ್ತು?"

ಈ ಪ್ರಶ್ನೆಗೆ ಅವನು ಎಂದೂ ಅಂದಾಜಿನ ಉತ್ತರ ಕೊಟ್ಟವನಲ್ಲ. ಇವತ್ತೂ ಕೊಡಲಿಲ್ಲ. "ಬೆಕ್ಕಿನ ಬಾಲದವರೆಗೆ," ಎಂದ.

"ಸದ್ಯ!" ಎಂದು ಅವಳು ನಕ್ಕುಬಿಟ್ಟಳು. "ಅಂದ್ರೆ ನಿಮ್ಮ ಬೆಟ್ಟ ಇನ್ನೂ ಜಗ್ಗಿಲ್ಲ."

ಕರೆ ಮುಗಿದದ್ದೇ ಮೀಟರ್ ಸಿಡಿದ. "ಏನೋ ಇದು? ಗೆರೆ ಕೂದಲೆಳೆಯಷ್ಟೂ ಕಡಿದಿಲ್ಲ! ವರದೀಲಿ ಏನಂತ ಹಾಕ್ಲಿ?"

"ಕಡಿದಿಲ್ಲ ಅಂತಲೇ ಹಾಕು. ನಮ್ಮನೆಯವಳಿಗೆ ಮಾತ್ರ ಸ್ವಲ್ಪ ದಿನ ಹೇಳಬೇಡ."

ಮೀಟರ್ ಅವನ ಮುಖವನ್ನು ಒಂದು ಗಳಿಗೆ ನೋಡಿದ. ಯಾವ ಅಳತೆಯನ್ನೂ ಹೇಳದೆ ಕಿಟಕಿಯ ಕಡೆ ತಿರುಗಿಕೊಂಡ.

ಸಂಜೆ ವಾಪಸು ಬರುವಾಗ ಎದುರು ದಿಕ್ಕಿನ ಪರೀಕ್ಷೆ. "ಬೆಟ್ಟ ಬಂತು. ನೀನು ಮಾತಾಡ್ತಾ ಇರು," ಎಂದು ಮೈಕ್ ಬಂದ್ ಮಾಡಿದ. ನೆರಳು ಬೋಗಿಯನ್ನು ತುಂಬಿತು. ಹೊಲಿಗೆ ಯಂತ್ರ ನಿಂತಿತು. ಅವನು ಇಯರ್‌ಫೋನನ್ನು ಕಿವಿಯಿಂದ ತೆಗೆದು ಮುಷ್ಟಿಯಲ್ಲಿ ಮುಚ್ಚಿಕೊಂಡ. ಪರದೆಯ ಮೇಲೆ ಹಸಿರು ಗೆರೆ ಎಲ್ಲೂ ತುಂಡಾಗದೆ ಓಡುತ್ತಿತ್ತು. ಮುಷ್ಟಿಯೊಳಗೆ, ಅಂಗೈಯಲ್ಲಿ ಹಿಡಿದ ಮರಿಹಕ್ಕಿಯ ಎದೆಯಂತೆ, ಒಂದು ದನಿ ಸಣ್ಣಗೆ ಮಿಡಿಯುತ್ತಿತ್ತು.