ಅಪ್ಪ ಹೊಲಿದ ಪಟ್ಟಿ

“ನೀವು ಬರೆದಿರೋ ಬಿಪಿ ಎಲ್ಲಾ ಚೆನ್ನಾಗೇ ಇದೆ. ಆದ್ರೆ ಮಗು ಮುಖ ನೋಡಿದ್ರೆ ನಂಗೆ ಸಮಾಧಾನ ಇಲ್ಲ,” ಎಂದರು ಫೋನಿನ ಪರದೆಯಲ್ಲಿದ್ದ ಕಿಡ್ನಿ ಡಾಕ್ಟರಮ್ಮ. “ಎರಡು ದಿನದಿಂದ ತಲೆನೋವು, ಬೆಳಿಗ್ಗೆ ಎದ್ರೆ ವಾಂತಿ ಅಂತೀರಿ. ನನ್ನೆದುರಿಗೇ ಒಂದ್ಸಲ ಬಿಪಿ ನೋಡಿ.”

ದರ್ಜಿ ಫೋನನ್ನು ಹೊಲಿಗೆ ಮಷಿನ್ನಿಗೆ ಒರಗಿಸಿ ಮಗಳನ್ನು ಸ್ಟೂಲಿನ ಮೇಲೆ ಕೂರಿಸಿದ. ಎಂಟು ವರ್ಷದ ಗುಬ್ಬಿಗೆ ಹುಟ್ಟಿದಾಗಿನಿಂದ ಕಿಡ್ನಿ ತೊಂದರೆ. ದೊಡ್ಡಾಸ್ಪತ್ರೆಗೆ ಬಸ್ಸಿನಲ್ಲಿ ಆರು ಗಂಟೆಯ ದಾರಿ. ಹಾಗಾಗಿ ದಿನವೂ ಬಿಪಿ ಬರೆದಿಡುವುದು, ಹದಿನೈದು ದಿನಕ್ಕೊಮ್ಮೆ ಹೀಗೆ ಫೋನಿನಲ್ಲೇ ತೋರಿಸುವುದು ಎಂದು ಗೊತ್ತುಮಾಡಿದ್ದರು.

ಬಿಪಿ ಮಷಿನ್ನಿನ ತೋಳುಪಟ್ಟಿ ಗುಬ್ಬಿಯ ಕಡ್ಡಿತೋಳಿಗೆ ಹೇಳಿ ಮಾಡಿಸಿದಂತೆ ಕೂತಿತು. ನೂರಾ ಹತ್ತು, ಕೆಳಗೆ ಎಪ್ಪತ್ತು.

“ನೋಡಿ ಮೇಡಂ!”

“ಪಟ್ಟಿ ಹತ್ತಿರ ತನ್ನಿ. ಇದು ನಾವು ಕೊಟ್ಟಿದ್ದಲ್ಲ, ಅಲ್ವಾ?”

“ಅದು ತುಂಬಾ ಚಿಕ್ಕದು ಮೇಡಂ, ಕಚ್ಚುತ್ತೆ ಅಂತ ದಿನಾ ಅಳೋಳು. ನಮ್ಮಪ್ಪಂದು ಒಂದಿತ್ತು, ಮೆತ್ತಗಿದೆ. ಅದನ್ನೇ ಇವಳ ಅಳತೆಗೆ ಒಳಗೆ ಹಿಡಿದು ಹೊಲಿದೆ.” ಸಂಕೋಚದ ಜೊತೆಗೆ ಚೂರು ಜಂಬವೂ ಇತ್ತು ದನಿಯಲ್ಲಿ. ಅಣ್ಣನ ಕೋಟನ್ನು ತಮ್ಮನಿಗೆ, ಅಕ್ಕನ ಲಂಗವನ್ನು ತಂಗಿಗೆ ಕೂರಿಸಿ ಸೈ ಎನ್ನಿಸಿಕೊಂಡ ಕೈ ಅದು. ಸುಮ್ಮನಿರು ಎಂದರೆ ಕೇಳೀತೇ?

ಡಾಕ್ಟರಮ್ಮ ಪರದೆಯ ಹತ್ತಿರಕ್ಕೆ ಬಾಗಿದರು. “ಮೇಲಿನ ಬಟ್ಟೆ ಚಿಕ್ಕದು ಮಾಡಿದ್ರಿ. ಒಳಗಿರೋ ಗಾಳಿಚೀಲ ದೊಡ್ಡವರದ್ದೇ. ಮಕ್ಕಳ ತೋಳಿಗೆ ಅದನ್ನ ಕಟ್ಟಿದ್ರೆ ಬಿಪಿ ಇರೋದಕ್ಕಿಂತ ಕಡಿಮೆ ತೋರಿಸುತ್ತೆ. ಎಷ್ಟು ದಿನ ಆಯ್ತು?”

ದರ್ಜಿ ಬಿಪಿ ಬರೆದಿಡುವ ಪುಸ್ತಕವನ್ನು ಹಿಂದಕ್ಕೆ ತಿರುವಿದ. ಪಟ್ಟಿ ಹೊಲಿದ ಮಾರನೇ ದಿನದಿಂದಲೇ ಬಿಪಿ ಇಳಿದಿತ್ತು. ಪುಸ್ತಕ ನೋಡಿ ಹೆಂಡತಿ ಎಷ್ಟೋ ತಿಂಗಳ ಮೇಲೆ ಬಾಯ್ತುಂಬ ನಕ್ಕಿದ್ದಳು. ಅದೇ ಪುಸ್ತಕ ನೋಡಿ ಕಳೆದ ಸಲ ಡಾಕ್ಟರಮ್ಮ ಬಿಪಿ ಮಾತ್ರೆಯನ್ನು ಅರ್ಧಕ್ಕಿಳಿಸಿದ್ದರು.

“ಮೂರು ವಾರ,” ಎಂದ.

“ಹಳೇದು ಇದ್ಯಾ? ಬೇಗ ತನ್ನಿ.”

ಬಟ್ಟೆಯ ರಾಶಿಯನ್ನೆಲ್ಲ ಕಿತ್ತು ಹಾಕಿ ಹುಡುಕಿ ತಂದ. ಬಿಪಿ ಮಷಿನ್ ಗುಂಯ್‌ಗುಟ್ಟಿತು. ಪಟ್ಟಿ ಬಿಗಿಯುತ್ತಿದ್ದಂತೆ ಗುಬ್ಬಿ ತುಟಿ ಕಚ್ಚಿ ಕಣ್ಣು ಮುಚ್ಚಿಕೊಂಡಳು. ಅಂಕಿ ಸರಸರನೆ ಏರಿ, ಇಳಿಯುತ್ತ ಬಂತು. ಇನ್ನೂ ಇಳಿ, ಇನ್ನೂ ಇಳಿ ಎಂದು ದರ್ಜಿ ಒಳಗೊಳಗೇ ಅಂಗಲಾಚಿದ. ಅದು ನೂರಾ ನಲವತ್ತೆಂಟಕ್ಕೇ ನಿಂತುಬಿಟ್ಟಿತು. ಕೆಳಗೆ ತೊಂಬತ್ತೆಂಟು.

“ಇನ್ನೊಂದ್ಸಲ.”

ನೂರಾ ಐವತ್ತು.

“ಪಟ್ಟಿ ಯಾವುದು ಅಂತ ನಾನೂ ಕೇಳಬೇಕಿತ್ತು, ಕೇಳಲಿಲ್ಲ,” ಎಂದರು ಡಾಕ್ಟರಮ್ಮ. “ಈಗ ಆ ಮಾತು ಬೇಡ. ಇಷ್ಟು ಚಿಕ್ಕ ಮಗುವಿಗೆ ಈ ಬಿಪಿ ತುಂಬಾ ಜಾಸ್ತಿ. ನಿಮ್ಮ ಹತ್ತಿರದ ಆಸ್ಪತ್ರೆಗೆ ಈ ಕ್ಷಣ ಹೊರಡಿ. ನಾನು ಅಲ್ಲಿಗೆ ಫೋನ್ ಮಾಡಿರ್ತೀನಿ.”

ದರ್ಜಿ ಚೀಲಕ್ಕೆ ಮಾತ್ರೆ ತುರುಕಿದ, ಪುಸ್ತಕ ತುರುಕಿದ, ಮಗಳ ಚಪ್ಪಲಿ ಹುಡುಕಿದ. ತಿರುಗಿ ನೋಡಿದರೆ, ಗುಬ್ಬಿ ಚಿಕ್ಕ ಪಟ್ಟಿಯನ್ನು ಬಿಚ್ಚಿ ನೆಲಕ್ಕೆ ಎಸೆದಿದ್ದಳು. ಅವನು ಹೊಲಿದದ್ದನ್ನು ಎತ್ತಿ ಕೊಟ್ಟು ತೋಳು ಚಾಚಿದಳು.

“ಅಪ್ಪಾ, ಇದನ್ನೇ ಕಟ್ಟು. ಇದನ್ನ ಕಟ್ಟಿದ್ರೆ ನಾನು ಹುಷಾರಾಗಿರ್ತೀನಿ.”