ಗೇಣಗಲ ಜಾಗ

ಊರಿನ ಬಸ್ಸುಗಳೆಲ್ಲ ಒಬ್ಬೊಬ್ಬರೇ ಕೂರುವ ಗೂಡುಗಳಾಗಿ ಎಷ್ಟೋ ಕಾಲವಾಗಿತ್ತು. ಬಳಕೆ ತಪ್ಪಿದ ಮಾತುಗಳನ್ನು ನಿಘಂಟಿನಿಂದ ತೆಗೆಯುವ ಮೊದಲು ಕಚೇರಿಯವರು ಹಳಬರನ್ನು ಕರೆಸಿ ಕೇಳುತ್ತಿದ್ದರು. ಇಂದು ಜಲಜಾಕ್ಷಿಯ ಸರದಿ.

"ಅಡ್ಜಸ್ಟ್ ಅಂದ್ರೇನಮ್ಮಾ?" ಎಂದಳು ಗುಮಾಸ್ತೆ.

"ಅದು ಹೇಳೋದಲ್ಲ ಕಣಮ್ಮ, ಮಾಡೋದು." ಜಲಜಾಕ್ಷಿ ಬೆಂಚಿನ ತುದಿಗೆ ಸರಿದು ಪಕ್ಕದ ಜಾಗ ತಟ್ಟಿದಳು. "ಸ್ವಲ್ಪ ಅಡ್ಜಸ್ಟ್ ಮಾಡ್ಕೊಳ್ಳಿ ಅಂದ್ರೆ ಹೀಗೆ. ಬಾ, ಕೂತ್ಕೋ."

ಗುಮಾಸ್ತೆ ಬೆಚ್ಚಿ ಹಿಂದೆ ಸರಿದಳು. "ಒಂದೇ ಬೆಂಚಲ್ಲಿ ಇಬ್ಬರಾ? ಬೇಡಮ್ಮ, ಅರ್ಥ ಆಯ್ತು."

ಮರಳುವಾಗ ಜಲಜಾಕ್ಷಿ ತನ್ನ ಗೂಡಿನಲ್ಲಿ ಎಂದಿನಂತೆ ಕಿಟಕಿಗೆ ಒತ್ತಿಕೊಂಡು ಕೂತಳು.

"ದಯವಿಟ್ಟು ನಡುವೆ ಕುಳಿತುಕೊಳ್ಳಿ," ಎಂದಿತು ಗೂಡು.

ಆಕೆ ಅಲುಗಲಿಲ್ಲ. ಪಕ್ಕದಲ್ಲಿ ಉಳಿದ ಗೇಣಗಲ ಜಾಗದ ಮೇಲೆ ಕರ್ಚೀಫು ಹಾಸಿ ಹೇಳಿದಳು: "ಇಲ್ಲಿ ಜನ ಬರ್ತಾರೆ."